ಎಡಕ್ಕೆ ಹೊಳೆ, ಬಲಕ್ಕೆ ತೆಂಗು

ಶ್ರೀರಂಗಪಟ್ಟಣದ ಗಂಜಾಂ ಕಡೆ, ಕಾವೇರಿಯ ಉತ್ತರದ ಕವಲಿಗೆ ಅಂಟಿಕೊಂಡು ನಮ್ಮ ಸೋದರಮಾವನ ತೆಂಗಿನ ತೋಟವಿದೆ. ಅದೇ ನಮ್ಮ ಡಿಸ್ಕ್ ಗಾಲ್ಫ್ ಕೋರ್ಸ್. ಆಟ ಕಂಡಿರದವರಿಗೆ ಇಷ್ಟು ಸಾಕು: ಚೆಂಡು, ಕೋಲು ಇಲ್ಲ, ಕೈಯಲ್ಲಿ ತಟ್ಟೆಯಂಥ ಒಂದು ಡಿಸ್ಕ್. ಬಿದ್ದ ಜಾಗದಿಂದಲೇ ಮತ್ತೆ ಎಸೆಯುತ್ತ ಗುರಿ ಮುಟ್ಟಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ.

ಈ ಆಟದ ಗುರಿಯಾದ, ಸರಪಳಿ ಇಳಿಬಿಟ್ಟ ಬುಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದ್ದು ಅಮೆರಿಕದ ಎಡ್ ಹೆಡ್ರಿಕ್. ಅದಕ್ಕೆ ಮುಂಚೆ ಅಲ್ಲಿಯೂ ಮರ, ಕಂಬಗಳೇ ಗುರಿ. ಹಾಗಾಗಿ ನಾನೂ ಸಂಕೋಚ ಬಿಟ್ಟು ಮರಗಳಿಗೆ ಹಳೇ ಟ್ಯೂಬಿನ ಪಟ್ಟಿ ಸುತ್ತಿದೆ. ಪಟ್ಟಿಗೆ ಬಡಿದರೆ ಆ ಹೋಲ್, ಅಂದರೆ ಮೊದಲ ಎಸೆತದ ಜಾಗದಿಂದ ಗುರಿಯವರೆಗಿನ ಒಂದು ಸುತ್ತು, ಮುಗಿಯಿತು. ಒಂದು ಬುಟ್ಟಿಯನ್ನು ಮಾತ್ರ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮೇಲೆ ಸೈಕಲ್ ರಿಮ್ಮು, ಕೆಳಗೆ ಕಬ್ಬಿಣದ ಜಾಲರಿ, ನಡುವೆ ಎರಡು ಸುತ್ತು ಸರಪಳಿ. ಸರಪಳಿ ತೆಳ್ಳಗಿದ್ದರೆ ಡಿಸ್ಕ್ ತೂರಿಕೊಂಡು ಆಚೆ ಹೋಗುತ್ತದೆ. ದನ ಕಟ್ಟುವ ಸರಪಳಿಗೆ ಬಡಿದರೆ ಝಣ್ ಅಂತ ನಿಂತು ಜಾಲರಿಗೆ ಬೀಳುತ್ತದೆ. ಆ ಸದ್ದಿಗೆ ಪಕ್ಕದ ತೋಟದ ನಾಯಿ ಇವತ್ತಿಗೂ ಬೊಗಳುತ್ತದೆ.

ಕೋರ್ಸಿನ ಜೀವ ಇರುವುದು ಏಳು, ಎಂಟನೇ ಹೋಲಿನಲ್ಲಿ. ಏಳರಲ್ಲಿ ಪೂರ್ವಕ್ಕೆ ಎಸೆಯಬೇಕು, ಎಡಗಡೆ ಹೊಳೆ. ಬಲಗೈಯವನು ಎದೆಯ ಮುಂದಿನಿಂದ ಕೈ ಬೀಸಿ ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್ ವೇಗ ಇಳಿಯುತ್ತಿದ್ದಂತೆ ಎಡಕ್ಕೆ ವಾಲುತ್ತದೆ, ಅಂದರೆ ನೇರ ನೀರಿಗೆ. ಸಾಲದ್ದಕ್ಕೆ ಆಷಾಢದಲ್ಲಿ ಪಡುವಣ ಗಾಳಿ ಬೆನ್ನಿಗೆ ಬಡಿಯುತ್ತದೆ. ಬೆನ್ನಗಾಳಿಯಲ್ಲಿ ಡಿಸ್ಕ್ ತೇಲುವುದಿಲ್ಲ, ಬೇಗ ಕುಸಿದು ಇನ್ನೂ ಎಡಕ್ಕೆ ಎಳೆಯುತ್ತದೆ. ಅದಕ್ಕೇ ಅಲ್ಲಿ ನಾನು ಫೋರ್‌ಹ್ಯಾಂಡ್ ಕಲಿತೆ. ತೋರುಬೆರಳು, ನಡುಬೆರಳು ಅಂಚಿನ ಒಳಗೆ, ಮೊಣಕೈ ಸೊಂಟದ ಹತ್ತಿರ, ಕೆರೆಯ ನೀರಿನ ಮೇಲೆ ಕಲ್ಲು ಜಾರಿಸುವ ಹಾಗೆ ಮಣಿಕಟ್ಟು ಮಾತ್ರ ಚಟ್ಟನೆ ತಿರುಗಬೇಕು. ಆಗ ಡಿಸ್ಕ್ ಕೊನೆಗೆ ಬಲಕ್ಕೆ, ತೆಂಗಿನ ಸಾಲಿನ ಕಡೆ ಇಳಿಯುತ್ತದೆ. ತೋಳಿನ ಬಲ ಹಾಕಿದಷ್ಟೂ ಅದು ತಲೆಕೆಳಗಾಗಿ ಒದ್ದಾಡುತ್ತದೆ.

ಎಂಟನೆಯದು ಅದೇ ದಂಡೆಯಲ್ಲಿ ವಾಪಸ್ ಪಶ್ಚಿಮಕ್ಕೆ. ಈಗ ಹೊಳೆ ಬಲಗಡೆ, ಗಾಳಿ ಎದುರಿಗೆ. ಎದುರುಗಾಳಿ ಬ್ಯಾಕ್‌ಹ್ಯಾಂಡ್ ಡಿಸ್ಕನ್ನು ಎತ್ತಿ ಬಲಕ್ಕೆ ಮಗುಚುತ್ತದೆ, ಮತ್ತೆ ನೀರು! ಇಲ್ಲಿ ಭಾರದ ಡಿಸ್ಕು, ಮೈಯಿಂದ ಆಚೆಗಿರುವ ಅಂಚು ನೆಲದ ಕಡೆ ಬಾಗಿಸಿ, ತಲೆಯ ಮಟ್ಟ ಮೀರದಂತೆ ಎಸೆತ. ದೂರದ ಆಸೆ ಬಿಟ್ಟವನಿಗೆ ಮಾತ್ರ ಈ ಹೋಲ್ ಒಲಿಯುತ್ತದೆ.

ನೀರಿಗೆ ಬಿದ್ದರೆ ಒಂದು ಎಸೆತ ದಂಡ, ದಂಡೆ ದಾಟಿದ ಜಾಗದಿಂದ ಮುಂದಿನ ಎಸೆತ. ಡಿಸ್ಕ್ ಹೆಚ್ಚಾಗಿ ಮುಳುಗುತ್ತದೆ, ತೆಗೆಯಲು ಯಾರೂ ಇಳಿಯಕೂಡದು. ರಂಗನತಿಟ್ಟಿನ ಮೊಸಳೆಗೆ ತೋಟದ ಬೇಲಿ ಗೊತ್ತಿಲ್ಲ.

ದನ ಮೇಯಿಸುವ ಅಜ್ಜ ಒಮ್ಮೆ ಕೇಳಿದ್ದು: “ಏನ್ಲಾ ಮಗ, ಉಣ್ಣೋ ತಟ್ಟೆ ಹೊಳೆಗೆ ಎಸೀತೀಯಲ್ಲ?” “ಹೊಳೆಗಲ್ಲ ಅಜ್ಜ, ಆ ಮರಕ್ಕೆ” ಅಂದೆ. “ಮರಕ್ಕೂ ಇಲ್ಲ, ಹೊಳೆಗೂ ಇಲ್ಲ” ಅಂತ ನಕ್ಕು ಹೋದರು. ಬಿದ್ದ ಡಿಸ್ಕ್ ಎಷ್ಟೋ ಸಲ ಹುಡುಕಿಕೊಟ್ಟವರೂ ಅವರೇ.

ಬಣ್ಣದ ವಿಷಯ ಅಂಗಡಿಯವರು ಹೇಳುವುದಿಲ್ಲ. ಹಸಿರು ಹುಲ್ಲಲ್ಲಿ ಹೋಯಿತು, ಹಳದಿ ಒಣಗಿದ ಗರಿಯಲ್ಲಿ. ತೆಂಗಿನ ತೋಟಕ್ಕೆ ಗುಲಾಬಿ ಬಣ್ಣವೇ ಸೈ. ಪಾತಿಯಲ್ಲಿ ಬಿದ್ದರೆ ದಂಡವಿಲ್ಲದೆ ಅಂಚಿಗೆ ತೆಗೆದಿಟ್ಟು ಎಸೆಯಬಹುದು, ಇದು ನಮ್ಮ ತೋಟದ ಕಾನೂನು. ನೀರು ಹಾಯಿಸಿದ ದಿನ ಆಟವಿಲ್ಲ, ಇದು ಮಾವನ ಕಾನೂನು.

ಕೆಆರ್‌ಎಸ್ 124.80 ಅಡಿ ತುಂಬಿ ಗೇಟು ತೆಗೆದರೆ ಏಳು, ಎಂಟರ ದಾರಿ ನೀರೊಳಗೆ. ಹೊಳೆ ಇಳಿಯುವವರೆಗೂ ಒಂಬತ್ತರ ಬದಲು ಏಳೇ ಹೋಲ್ ಆಡುತ್ತೇವೆ. ಆಗ ಸ್ಕೋರು ಚೆನ್ನಾಗಿ ಬರುತ್ತದೆ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಲು ಮಾವನ ಮಗ ಒಪ್ಪುವುದಿಲ್ಲ.