ಜಾಝ್ ವಾದಕರು ಬೋಧಕರಾಗಿ, ನಿರ್ಮಾಪಕರಾಗಿ ಬೆಳೆಯುವ ಬಗೆ

ಜಾಝ್ ನುಡಿಸುವುದು, ಕಲಿಸುವುದು, ಧ್ವನಿಮುದ್ರಿಕೆಗಳನ್ನು ನಿರ್ಮಿಸುವುದು – ಈ ಮೂರು ಕೆಲಸಗಳಿಗೂ ಬುನಾದಿ ಕಿವಿಯೇ. ಸ್ಯಾಕ್ಸೋಫೋನ್ ವಾದಕ ಲೆಸ್ಟರ್ ಯಂಗ್ ಅವರಂತಹ ಹಿರಿಯರ ಒಂದು ಸೋಲೋವನ್ನು (ಒಬ್ಬರೇ ಮುಂದೆ ನಿಂತು ನುಡಿಸುವ ಭಾಗವನ್ನು) ಆರಿಸಿಕೊಂಡು, ಮೊದಲು ಅದನ್ನು ಬಾಯಿಂದ ಹಾಡಿ, ಆಮೇಲೆ ವಾದ್ಯದಲ್ಲಿ ನುಡಿಸಿ, ಕೊನೆಗಷ್ಟೇ ಸ್ವರಲಿಪಿಗೆ ಇಳಿಸಿ. ಕ್ರಮ ತಿರುವುಮುರುವಾದರೆ ಸ್ವರಗಳು ದಕ್ಕಬಹುದು, ಸ್ವಿಂಗ್ ಎಂಬ ಜಾಝ್‌ನ ತೂಗಾಡುವ ಲಯ ದಕ್ಕುವುದಿಲ್ಲ.

ಕಲಿಸುವಾಗಲೂ ಇದೇ ದಾರಿ ಹಿಡಿಯಿರಿ. ಆರಂಭಕ್ಕೆ 12 ಬಾರ್‌ಗಳ (ತಾಳದ ಆವರ್ತನಗಳ) ಬ್ಲೂಸ್ ಎಂಬ ಸರಳ ರಚನಾಕ್ರಮ ಸಾಕು. ಸ್ಕೇಲುಗಳ (ಸ್ವರಶ್ರೇಣಿಗಳ) ಪಟ್ಟಿಯನ್ನು ಮೊದಲ ದಿನವೇ ಕೈಗಿಡುವುದು, ನನ್ನ ಅಭಿಪ್ರಾಯದಲ್ಲಿ, ವಿದ್ಯಾರ್ಥಿಯ ಉತ್ಸಾಹಕ್ಕೆ ತಣ್ಣೀರೆರಚಿದಂತೆ.

ನಿರ್ಮಾಣಕ್ಕೆ ಇಳಿದಾಗ ಹಣವನ್ನು ಎಲ್ಲಿ ಸುರಿಯಬೇಕೆಂಬುದೇ ದೊಡ್ಡ ಪ್ರಶ್ನೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಿಕೆಗಳ ಸಂಸ್ಥೆಯನ್ನು ಆರಂಭಿಸಿದವರಲ್ಲೊಬ್ಬರಾದ ಆಲ್ಫ್ರೆಡ್ ಲಯನ್, ಧ್ವನಿಮುದ್ರಣಕ್ಕೆ ಮುಂಚಿನ ತಾಲೀಮಿಗೂ ಕಲಾವಿದರಿಗೆ ಸಂಭಾವನೆ ಕೊಡುತ್ತಿದ್ದರು. ಆ ಮುದ್ರಿಕೆಗಳ ಬಿಗಿಯಾದ ಮೇಳಕ್ಕೆ ಇದೂ ಒಂದು ಕಾರಣ. ಆದ್ದರಿಂದ ಸ್ಟುಡಿಯೋ ಸಮಯವನ್ನು ಕಡಿತಗೊಳಿಸಿಯಾದರೂ ತಾಲೀಮಿಗೆ ಹಣ ಉಳಿಸಿ. ಪ್ರತಿ ಟೇಕ್ (ಒಂದು ರಚನೆಯ ಒಂದು ಬಾರಿಯ ಧ್ವನಿಮುದ್ರಣ) ಮುಗಿದೊಡನೆ ಅದರ ಸಂಖ್ಯೆ, ಲಯದ ವೇಗ ಮತ್ತು ಮೆಚ್ಚಿದ ಸೋಲೋಗಳನ್ನು ಬರೆದಿಡಿ. ತಾಂತ್ರಿಕವಾಗಿ ನಿರ್ದೋಷವಾದ ಐದನೆಯ ಟೇಕಿಗಿಂತ ಸಣ್ಣ ತಪ್ಪಿರುವ ಎರಡನೆಯದೇ ಎಷ್ಟೋ ಸಲ ಜೀವಂತವಾಗಿರುತ್ತದೆ.

ರಚನೆಯ ಹಕ್ಕು ಬೇರೆ, ಮುದ್ರಿಕೆಯ ಹಕ್ಕು ಬೇರೆ. ಎರಡೂ ಯಾರ ಪಾಲಿಗೆ ಎಂಬುದನ್ನು ಧ್ವನಿಮುದ್ರಣಕ್ಕೆ ಮೊದಲೇ ಲಿಖಿತ ಒಪ್ಪಂದದಲ್ಲಿ ನಮೂದಿಸಿ, ಎಲ್ಲರ ಸಹಿ ಪಡೆಯಿರಿ.