'ಎಲ್ಲಿ ಸೋರುತ್ತೆ ಅಮ್ಮಾ?' ಅಂತ ಕೇಳಿ ಮಾಡಿದ ಸರ್ವೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಉಳಿಸಿಕೊಳ್ಳಬೇಕಾದ ಹಳೆ ಮನೆಗಳ ಸರ್ವೆಯನ್ನು ಅಲ್ಲಿನವರ ಕೈಗೇ ಕೊಡುತ್ತೇನೆ ಅಂದಾಗ ಜೊತೆಯ ಆರ್ಕಿಟೆಕ್ಟ್‌ಗಳೇ ನಂಬಲಿಲ್ಲ. 'ಅವರಿಗೆ ಸೈಟಿನ ರೇಟ್ ಬಿಟ್ಟು ಬೇರೇನೂ ಕಾಣಲ್ಲ ಬಿಡಿ' ಅಂದರು. ಈಗ ಮೂರು ಕ್ರಾಸ್‌ಗಳಲ್ಲಿ ಸುಮಾರು 60 ಮನೆ ದಾಖಲಾಗಿವೆ. 14 ಮನೆಗಳ ಮಾಡು ರಿಪೇರಿಯಾಗಿದೆ.

ಮೊದಲ ವರ್ಷ ಪೂರ್ತಿ ಸೋತೆ. ಹಾಲ್ ಬಾಡಿಗೆ, ಪ್ರೊಜೆಕ್ಟರ್, ಕಾಫಿ-ಉಪ್ಪಿಟ್ಟು ಅಂತ 12 ಸಾವಿರ ಹೋಯಿತು, ಬಂದವರು 9 ಜನ. ಈ ಬಡಾವಣೆ ಬೆಳೆಯಲು ಕಾರಣವಾದ 1898ರ ಪ್ಲೇಗು, ಕಿಟಕಿಗಳ ಮೇಲಿನ ಚೂಪಾದ ಮರದ ಸೂರು ಅಂದರೆ ಮಂಕಿ ಟಾಪ್, ಎಲ್ಲ ವಿವರಿಸಿದೆ. ಕೊನೆಗೆ ಒಬ್ಬರು ಕೇಳಿದರು: 'ನಿಮ್ಮ ಲಿಸ್ಟಿಗೆ ಸೇರಿದರೆ ನಾಳೆ ಮನೆ ಮಾರೋಕಾಗುತ್ತಾ?' ಆ ಭಯ ಸುಳ್ಳಲ್ಲ, ಅಲ್ವಾ?

ಎರಡನೇ ವರ್ಷ ನಾಲ್ಕು ಪುಟದ ಫಾರಂ ಬಿಸಾಕಿದೆ. ಮಳೆಗಾಲದಲ್ಲೇ ಹೋಗಿ 'ಎಲ್ಲಿ ಸೋರುತ್ತೆ ಅಮ್ಮಾ?' ಅಂತಷ್ಟೇ ಕೇಳಿದೆ. ಅಟ್ಟ, ತೊಲೆ, ಹಿಂದೆ ಕಕ್ಕಸು ಶುಚಿ ಮಾಡುವವರು ಓಡಾಡಲೆಂದು ಬಿಟ್ಟಿದ್ದ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಅವರೇ ತೋರಿಸಿದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ನಡುಮನೆಯ ಗೋಡೆಗೆ ಒತ್ತಿದರು. ಸಿಮೆಂಟ್ ತೇಪೆಯ ಮೇಲಂಚಿನಲ್ಲಿ ಹಳೆ ಗಾರೆ ಹಿಟ್ಟಿನಂತೆ ಉದುರಿತು. 'ಇದನ್ನ ಹಚ್ಚಿಸೋ ಮುಂಚೆ ಗೋಡೆ ಒಣಗ್ತಿತ್ತಪ್ಪ' ಅಂದರು. ತೇವದ ಮೀಟರು ಆವತ್ತು ಚೀಲದಲ್ಲೇ ಉಳಿಯಿತು.

ಯಾವ ಮನೆ ಎಷ್ಟು ಮುಖ್ಯ ಅಂತ ದರ್ಜೆ ಹಾಕಿದ್ದೂ ಬೀದಿಯವರೇ. ನಾನು ಚೆಂದದ ಮುಂಭಾಗವಿದ್ದ ಮನೆಯನ್ನು ಮೊದಲಿಗಿಟ್ಟಿದ್ದೆ. ಅವರು ಅದನ್ನು ಇಳಿಸಿ ಮೂಲೆಮನೆಯ ಜಗಲಿಯನ್ನು ಮೇಲೆ ತಂದರು. ಹೂವಿನವರು ಬುಟ್ಟಿ ಇಳಿಸುವುದು, ಸಂಜೆಯ ಹರಟೆ ಎಲ್ಲ ಅಲ್ಲೇ. ಅವರು ಹೇಳಿದ್ದೇ ಸರಿ. ಫೋಟೋಗಳನ್ನು ಯಾವ ಕ್ರಮದಲ್ಲಿ ಕೈಗೆ ಕೊಟ್ಟರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅನ್ನುವುದು ನನ್ನ ಕೈಚಳಕ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ದುಡ್ಡಿನ ಮಾತು. ಒಂದೇ ಮನೆಯ ಮಾಡಿಗೆ ಮೇಸ್ತ್ರಿ 90 ಸಾವಿರ ಕೇಳಿದ್ದರು. ಐದು ಮನೆ ಒಟ್ಟಿಗೆ ಹಿಡಿದಾಗ ತಲಾ 60ರ ಆಸುಪಾಸಿಗೆ ಬಂತು. ಸುಣ್ಣವನ್ನು ಒಂದೇ ಗುಂಡಿಯಲ್ಲಿ ನೆನೆಹಾಕಿ ಬೆಲ್ಲ, ಅಣಲೆಕಾಯಿ ನೀರು ಬೆರೆಸಿದೆವು. ಮೊದಲ ಸಲ ಬೆಲ್ಲ ಜಾಸ್ತಿಯಾಯಿತು. ಗಾರೆ ಬಿಗಿಯಲೇ ಇಲ್ಲ, ಇರುವೆ ಬೇರೆ ಮುತ್ತಿದವು. ಎರಡು ದಿನದ ಕೂಲಿ ದಂಡ.

ನಡುವೆ ಇನ್ನೊಂದು ಪ್ರಯೋಗ. ಕೆಡವುವ ಮನೆಗಳಿಂದ ಮಂಗಳೂರು ಹೆಂಚು ಕೊಂಡು ಒಬ್ಬರ ಕಾರ್ ಶೆಡ್ಡಿನಲ್ಲಿ ಪೇರಿಸಿದೆವು, ಸುಮಾರು 2000. ಬೇರೆ ಬೇರೆ ಕಾರ್ಖಾನೆಯವು ಒಂದಕ್ಕೊಂದು ಕೂರಲಿಲ್ಲ, ಮೊದಲ ಮಳೆಗೇ ಸೋರಿತು. ಈಗ ಬೀದಿಯ ಹುಡುಗರೇ ಹೆಂಚಿನ ಮೇಲಿನ ಮುದ್ರೆ ನೋಡಿ ವಿಂಗಡಿಸುತ್ತಾರೆ.

ಮೊನ್ನೆ ಮಾರ್ಗೋಸಾ ರಸ್ತೆ ಕಡೆಯಿಂದ ಫೋನ್ ಬಂತು. 'ನಮ್ಮಲ್ಲೂ ಎರಡು ಕಡೆ ಸೋರುತ್ತೆ, ಯಾವಾಗ ಬರ್ತೀರಿ?'