‘ಹಾರ್ಕನ್’ ಎಂಬ ಕ್ರಿಯಾಪದಕ್ಕೆ ಕನ್ನಡ ಹುಡುಕಿದ ಬಗೆ

ಹಳೆಯ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುವಾಗ ನನ್ನನ್ನು ಬಹಳ ದಿನ ಕಾಡಿದ ಕ್ರಿಯಾಪದ ‘ಹಾರ್ಕನ್’ (hearken), ಎಂದರೆ ಗಮನವಿಟ್ಟು ಕೇಳುವುದು. ಅದರ ಕಾಗುಣಿತದಲ್ಲಿ ‘ಹಿಯರ್’ ಇಡಿಯಾಗಿ ಕಾಣುವುದರಿಂದ ‘ಹಿಯರ್ಕನ್’ ಎಂದು ಓದುವವರಿದ್ದಾರೆ. ಸರಿಯಾದ ಉಚ್ಚಾರಣೆಯ ಮೊದಲ ಭಾಗ ‘ಹಾರ್ಟ್’ ಪದದಂತೆಯೇ ಇದೆ.

ನಾನು ಅನುವಾದಿಸುತ್ತಿದ್ದುದು 1611ರ ಕಿಂಗ್ ಜೇಮ್ಸ್ ಬೈಬಲಿನ ಆಯ್ದ ಭಾಗಗಳನ್ನು. ಪದ ಹಳೆಯದು, ಗಂಭೀರವಾದದ್ದು, ಆದ್ದರಿಂದ ಕನ್ನಡದಲ್ಲಿಯೂ ಗಂಭೀರವಾದ ಪದವೇ ಇರಲಿ ಎಂದು ಮೊದಲ ಕರಡಿನಲ್ಲಿ ಎಲ್ಲ ಕಡೆಯೂ ‘ಆಲಿಸು’ ಎಂದು ಬರೆದೆ. ಆದಿಕಾಂಡದ 3ನೆಯ ಅಧ್ಯಾಯಕ್ಕೆ ಬಂದಾಗ ಅದು ನಿಲ್ಲಲಿಲ್ಲ. ‘ನೀನು ಹೆಂಡತಿಯ ದನಿಯನ್ನು ಆಲಿಸಿದ್ದರಿಂದ’ ನೆಲ ಶಾಪಗ್ರಸ್ತವಾಯಿತು ಎಂದು ದೇವರು ಆದಾಮನಿಗೆ ಹೇಳಿದರೆ, ಕಿವಿಗೊಟ್ಟದ್ದೇ ಅವನ ಅಪರಾಧವೆಂಬಂತೆ ತೋರುತ್ತದೆ. ಅವನು ಕೇಳಿ ಸುಮ್ಮನಿರಲಿಲ್ಲ, ಹಣ್ಣನ್ನು ತಿಂದ. ‘ಹೆಂಡತಿಯ ಮಾತು ಕೇಳಿ’ ಎಂದು ತಿದ್ದಿದೊಡನೆ ವಾಕ್ಯ ಸರಿಹೋಯಿತು. ‘ಅವನ ಮಾತನ್ನು ಕೇಳಿದೆ’ ಎಂದರೆ ಸಾಮಾನ್ಯವಾಗಿ ಅದು ಕಿವಿಗೆ ಬಿತ್ತೆಂದು ಅರ್ಥ. ‘ಅವನ ಮಾತು ಕೇಳಿದೆ’ ಎಂದರೆ ಹೇಳಿದಂತೆ ನಡೆದೆ ಎಂದೂ ಆಗುತ್ತದೆ. ಮನೆಯಲ್ಲಿ ಮಕ್ಕಳಿಗೆ ‘ಹೇಳಿದ ಮಾತು ಕೇಳು’ ಎನ್ನುವಾಗಲೂ ನಾವು ಬಯಸುವುದು ಈ ಎರಡನೆಯದನ್ನೇ. ಜರ್ಮನ್ ಭಾಷೆಯಲ್ಲಿ ‘ಹಾರ್ಕನ್’ ಪದಕ್ಕೆ ಬಂಧುವಾದ ‘ಹೋರ್ಖೆನ್’ ಎಂದರೆ ಕಿವಿಗೊಡುವುದು, ಅದರಿಂದಲೇ ಹುಟ್ಟಿದ ‘ಗೆಹೋರ್ಖೆನ್’ ಎಂದರೆ ವಿಧೇಯನಾಗುವುದು ಎಂದು ತಿಳಿದಾಗ ನನ್ನ ತಿದ್ದುಪಡಿಯ ಬಗ್ಗೆ ಧೈರ್ಯ ಬಂತು.

ಅಲ್ಲಿಂದ ಮುಂದೆ ಈ ಪದ ಬಂದ ಪ್ರತಿ ವಾಕ್ಯವನ್ನೂ ಒಂದೊಂದು ಚೀಟಿಯಲ್ಲಿ ಬರೆದುಕೊಂಡು, ಕೇಳಿದವನು ಆಮೇಲೆ ಏನು ಮಾಡಿದನೆಂಬುದನ್ನು ಕೆಳಗೆ ಗುರುತಿಸತೊಡಗಿದೆ. ಹೇಳಿದಂತೆ ನಡೆದ ಕಡೆ ‘ಮಾತು ಕೇಳು’, ಜನರನ್ನು ಕರೆದು ಗಮನ ಬೇಡುವ ಕಡೆ ‘ಕಿವಿಗೊಡಿ’. ಪ್ರಾರ್ಥನೆಗಳಲ್ಲಿ ಮಾತ್ರ ಎರಡೂ ಹೊಂದಲಿಲ್ಲ, ಏಕೆಂದರೆ 5ನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಅರಸನೂ ದೇವರೂ ಆದವನಿಗೆ ಮೊರೆಯಿಡುತ್ತಾನೆ, ದೇವರಿಗೆ ‘ನನ್ನ ಮಾತು ಕೇಳು’ ಎಂದರೆ ಅಪ್ಪಣೆಯಂತಾಗುತ್ತದೆ. ಅಲ್ಲಿ ‘ನನ್ನ ಮೊರೆಯನ್ನು ಲಾಲಿಸು’ ಎಂದು ಬರೆದೆ. ದೊಡ್ಡವರು ಕರುಣೆಯಿಂದ ಕೇಳುವುದಕ್ಕೆ ನಮ್ಮಲ್ಲಿ ಅಷ್ಟು ಹದವಾದ ಪದ ಇನ್ನೊಂದಿಲ್ಲ.

ಇದರ ಗಿಡ್ಡ ರೂಪವಾದ ‘ಹಾರ್ಕ್’ ಹೆಚ್ಚಾಗಿ ಉದ್ಗಾರದಂತೆ ಬರುತ್ತದೆ. ಈಗಲೇ ಏನೋ ಸದ್ದು ಕೇಳಿಸುತ್ತಿದೆ ಎಂಬ ಭಾವ ಅದರಲ್ಲಿರುವುದರಿಂದ ‘ಅಗೋ, ಕೇಳು!’ ಎಂದರೆ ಸಾಕು. ‘ಹಾರ್ಕ್ ಬ್ಯಾಕ್’ ಎಂಬುದು ಬೇಟೆಯವರ ನುಡಿ. ವಾಸನೆಯ ಜಾಡು ತಪ್ಪಿದ ನಾಯಿಗಳು ಬಂದ ದಾರಿಯಲ್ಲೇ ಹಿಂದಿರುಗಿ ಅದನ್ನು ಹುಡುಕುವುದರಿಂದ ಬಂದದ್ದು. ಅದನ್ನು ಅನುವಾದಿಸುವಾಗ ಕಿವಿಯನ್ನು ಮರೆತು ‘ಹಳೆಯದಕ್ಕೆ ಹೊರಳು’ ಎನ್ನಬೇಕು.

ನನ್ನನ್ನು ಅತಿ ಹೆಚ್ಚು ದಿನ ತಡೆದದ್ದು ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದ ಮೊದಲ ದೃಶ್ಯ. ಸೆರೆಮನೆಗೆ ಸಾಗುತ್ತಿರುವ ಕ್ಲಾರೆನ್ಸ್, ಅಣ್ಣನಾದ ಅರಸನು ಭವಿಷ್ಯವಾಣಿಗಳನ್ನೂ ಕನಸುಗಳನ್ನೂ ‘ಹಾರ್ಕನ್ಸ್ ಆಫ್ಟರ್’ ಎನ್ನುತ್ತಾನೆ. ಇಲ್ಲಿ ಕೇಳುವುದರ ಜೊತೆಗೆ ಅರಸಿ ಹೋಗುವುದೂ ಸೇರಿದೆ. ಮೂರು ಸಲ ಬರೆದು ಹೊಡೆದುಹಾಕಿದ ಮೇಲೆ ನಮ್ಮ ‘ಕಣಿ ಕೇಳುವುದು’ ನೆನಪಾಯಿತು. ಅದರಲ್ಲಿ ಪ್ರಶ್ನಿಸುವುದು, ಕಿವಿಗೊಡುವುದು, ನಂಬುವುದು ಮೂರೂ ಕೂಡಿವೆ. ‘ಅರಸ ಕಣಿ ಕೇಳುತ್ತ, ಕನಸುಗಳ ಬೆನ್ನು ಹತ್ತಿದ್ದಾನೆ’ ಎಂದು ಬರೆದೆ.